ಗಾಂಧಾರಿ ಎಂಬ ಹುಡುಗಿಯ ದನಿ

“ಯಾವ ಹುಡುಗೀನೋ ತಮ್ಮಾ ಇದು? ದನಿ ಭಾಳ ಎಳೀದೈತಿ” ಎಂದು ಅವ್ವ ಕೇಳಿದಾಗ ನಾವು ಗಂಡ-ಹೆಂಡಿರಿಬ್ಬರೂ ಥಟ್ಟನೆ ಉತ್ತರ ಕೊಡದೆ ಮುಖ ಮುಖ ನೋಡಿಕೊಂಡೆವು. ಹೊರಗೆ ಆಂಟಾಪ್ ಹಿಲ್‌ನ ಸರಕಾರಿ ವಸತಿಗೃಹಗಳ ಮೇಲೆ ಮುಂಬಯಿಯ ಜುಲೈ ಮಳೆ ಬಿಡದೆ ಸುರಿಯುತ್ತಿತ್ತು. ಒಳಗೆ, ಸ್ನೇಹಿತರೊಬ್ಬರು ತಮ್ಮ ಸಂಗ್ರಹದ ಹಳೆಯ ತಟ್ಟೆಗಳಿಂದ ಇಳಿಸಿಕೊಟ್ಟ ಹಾಡುಗಳು ಒಂದಾದ ಮೇಲೊಂದು ಕೇಳಿಬರುತ್ತಿದ್ದವು. ಮಳೆಯ ಸದ್ದು ಯಾವುದು, ಅರಗಿನ ತಟ್ಟೆಯ ಮೇಲೆ ಮುಳ್ಳು ಹರಿದ ಸದ್ದು ಯಾವುದು ಎಂದು ತಿಳಿಯದ ಆ ಕರಕರದ ನಡುವಿನಿಂದ ಒಂದು ತೆಳುವಾದ, ಚೂಪಾದ, ಎತ್ತರದ ಹೆಣ್ಣುದನಿ ಮೇಲೇಳುತ್ತಿತ್ತು.

“ಅವ್ವಾ, ಇವರು ಗಂಗೂಬಾಯಿ ಹಾನಗಲ್” ಎಂದೆವು.

ಅವ್ವ ನಕ್ಕಳು. ಮಕ್ಕಳು ಇಂಗ್ಲಿಷ್ ಎಂ.ಎ. ಓದಿದ ಮಾತ್ರಕ್ಕೆ ಎಲ್ಲ ಬಲ್ಲವರಾಗುವುದಿಲ್ಲ ಎಂಬ ಅರ್ಥ ಆ ನಗೆಯಲ್ಲಿತ್ತು. “ಹುಚ್ಚಪ್ಪಾ, ನಮ್ಮ ಹಾನಗಲ್ಲಾಕಿ ದನಿ ನನಗ ಗೊತ್ತಿಲ್ಲೇನು?”

ಗೊತ್ತಿಲ್ಲದೆ ಇರುವುದು ಹೇಗೆ? ಅವ್ವನ ತವರು ಹಾನಗಲ್ ಸೀಮೆಯ ಒಂದು ಹಳ್ಳಿ. ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ, ಬದುಕಿದ್ದು ಹುಬ್ಬಳ್ಳಿಯಲ್ಲಿ. ಆದರೂ ಹೆಸರಿನ ಬಾಲದಲ್ಲಿ ಊರು ಇರುವುದರಿಂದ ಹಾನಗಲ್ ಸೀಮೆಯವರು ಅವರನ್ನು ತಮ್ಮ ಮನೆಯವರೆಂದೇ ಎಣಿಸಿಕೊಂಡಿದ್ದಾರೆ. ಧಾರವಾಡ ಆಕಾಶವಾಣಿಯಲ್ಲಿ ಅವರ ಗಾಯನ ಬಂತೆಂದರೆ ಅವ್ವ ಒಲೆಯ ಮುಂದೆಯೇ ಕುಳಿತು, ರಾಗದ ಹೆಸರು ತಿಳಿಯದೆಯೂ ಕೊನೆಯವರೆಗೆ ಕೇಳುತ್ತಿದ್ದಳು. ಆ ದನಿಯನ್ನು ಒಮ್ಮೆ ಕೇಳಿದವರು ಮರೆಯುವಂತಿಲ್ಲ. ಗುಡಿಯ ದೊಡ್ಡ ಗಂಟೆ ಬಾರಿಸಿದ ಮೇಲೆ ಗಾಳಿಯಲ್ಲಿ ಉಳಿಯುವಂಥ, ಗಂಡಸಿನದೆಂದೇ ಅನ್ನಿಸುವ, ಭಾರವಾದ ಷಡ್ಜ. ಹಾಡುತ್ತಿರುವವರು ಹೆಂಗಸು ಎಂದು ರೇಡಿಯೊ ಕೇಳುವವರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಅವ್ವನಿಗೆ ಗೊತ್ತಿದ್ದುದು ಆ ಗಂಗೂಬಾಯಿ. ನಮಗೂ ಮೂವತ್ತರ ವಯಸ್ಸಿನವರೆಗೆ ಗೊತ್ತಿದ್ದುದು ಅವರೊಬ್ಬರೇ.

ಈ ಇನ್ನೊಬ್ಬರನ್ನು ನಮಗೆ ಪರಿಚಯಿಸಿದ್ದು ಮುಂಬಯಿ. ನೌಕರಿಯ ನಿಮಿತ್ತ ಇಲ್ಲಿಗೆ ಬಂದ ಹೊಸದರಲ್ಲಿ ಭಾನುವಾರಗಳನ್ನು ಕಳೆಯಲು ನಮಗೆ ಎರಡೇ ದಾರಿಗಳಿದ್ದವು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹಿಮಿನ ಕರ್ನಾಟಕ ಸಂಘದಲ್ಲೋ ಕನ್ನಡ ಕೇಳುವುದು. ಅಲ್ಲಿ ಕಾರ್ಯಕ್ರಮವಿಲ್ಲದ ವಾರ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ತಿರುಗುವುದು. ಹಿತ್ತಾಳೆಯ ದೀಪ, ಮುರಿದ ಗಡಿಯಾರ, ಸಿನಿಮಾ ಪೋಸ್ಟರುಗಳ ನಡುವೆ ಗ್ರಾಮೊಫೋನ್ ತಟ್ಟೆಗಳ ಗುಡ್ಡೆಯನ್ನು ಮಗುಚುತ್ತ ಕೂಡುವ ಒಂದು ಪಂಥವೇ ಈ ಊರಿನಲ್ಲಿದೆ. ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘ ಎಂಬುದು 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆ ಪಂಥದ ಒಬ್ಬರು ಒಂದು ದಿನ ನಮ್ಮ ಕನ್ನಡ ಕೇಳಿ, “ನಿಮ್ಮವರದೇ ಒಂದು ತಟ್ಟೆ ಇದೆ, ಹೆಸರು ಮಾತ್ರ ಬೇರೆ” ಎಂದರು. ಎಚ್.ಎಂ.ವಿ. ಕಂಪನಿಯ ತಟ್ಟೆ; ಹೆಸರು ಗಾಂಧಾರಿ.

1930ರ ದಶಕದ ಮೊದಲ ಭಾಗದಲ್ಲಿ, ಇಪ್ಪತ್ತು ದಾಟಿತೋ ಇಲ್ಲವೋ ಎಂಬ ವಯಸ್ಸಿನಲ್ಲಿ, ಹುಬ್ಬಳ್ಳಿಯಿಂದ ಮುಂಬಯಿಗೆ ಬಂದು ಆಕೆ ಹಾಡಿದ ಹಾಡುಗಳು ಇವು. ‘ಆಲ್ಬಂ’ ಎಂಬ ಮಾತು ಈಗ ಸಲೀಸಾಗಿದೆ. ಕಲಾವಿದೆಯೊಬ್ಬಳು ಹತ್ತು ಹಾಡುಗಳನ್ನು ಆಯ್ದು, ಹೊದಿಕೆಗೆ ಚಿತ್ರ ತೆಗೆಸಿಕೊಂಡು, ಇದು ನನ್ನ ಮೊದಲ ಸಂಕಲನ ಎಂದು ಲೋಕದ ಮುಂದಿಡುತ್ತಾಳೆ. ಆಗ ಅದಾವುದೂ ಇರಲಿಲ್ಲ. ಹತ್ತು ಅಂಗುಲದ ಅರಗಿನ ತಟ್ಟೆ, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ರಾಗವಾಗಲಿ ಭಜನೆಯಾಗಲಿ ವಿರಹವಾಗಲಿ, ಆ ಮೂರು ನಿಮಿಷದೊಳಗೆ ಮುಗಿಯತಕ್ಕದ್ದು. ಆದರೂ ಬಿಡಿಬಿಡಿಯಾಗಿ ಬಂದ ಆ ತಟ್ಟೆಗಳನ್ನು ಒಟ್ಟಿಗೆ ಇಟ್ಟು ಕೇಳಿದರೆ ಅವೇ ಗಾಂಧಾರಿಯ ಮೊದಲ ಸಂಕಲನ ಎನ್ನಲು ಅಡ್ಡಿಯಿಲ್ಲ. ಅದರಲ್ಲಿ ಪುಟ್ಟ ಪುಟ್ಟ ರಾಗದ ಚೀಜುಗಳಿವೆ, ಮರಾಠಿ ಹಾಡುಗಳಿವೆ, ಜಿ. ಎನ್. ಜೋಶಿಯವರೊಡನೆ ಹಾಡಿದ ಯುಗಳಗೀತೆಗಳಿವೆ.

ಈ ಯುಗಳಗೀತೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಜೋಶಿಯವರು ವಕೀಲಿ ಓದಿದ ಗಾಯಕರು. ಮುಂದೆ 1938ರಲ್ಲಿ ಎಚ್.ಎಂ.ವಿ. ಕಂಪನಿಯನ್ನೇ ಸೇರಿ, ದೇಶದ ದೊಡ್ಡ ದೊಡ್ಡ ಗಾಯಕರ ದನಿಯನ್ನು ತಟ್ಟೆಗೆ ಇಳಿಸಿದರು. ಕವಿತೆಯೊಂದನ್ನು ನಾಟಕದ ಹಂಗಿಲ್ಲದೆ, ಭಜನೆಯ ಹಂಗಿಲ್ಲದೆ, ಕವಿತೆಯೆಂದೇ ಹಾಡುವ ಮರಾಠಿ ‘ಭಾವಗೀತ’ ಅವರ ತಟ್ಟೆಗಳಿಂದಲೇ ಮನೆಮನೆಗೆ ಹೋಯಿತು. ಗಾಂಧಾರಿಯೊಡನೆ ಅವರು ಹಾಡಿದ, ಎಳೆಚಂದ್ರನ ಬೆಳಕಿನ ಮೇಲಿನ ಹಾಡನ್ನು ಬರೆದವರು ಮುಂದೆ ನಾಟಕಕಾರರಾಗಿ ಹೆಸರಾದ ಮೋ. ಗ. ರಾಂಗಣೇಕರ್. ಕೇಳಲು ಸರಳ. ನಡುವೆ ಗಾಂಧಾರಿಯ ದನಿ ತಾರಸ್ಥಾಯಿಗೆ ಏರಿ ಅಲ್ಲಿ ಒಂದು ಕ್ಷಣ ನಿಂತು, ಗಾಳಿಪಟ ದಾರ ಸಡಿಲಿಸಿದಂತೆ ಓಲಾಡಿ ಇಳಿಯುತ್ತದೆ. ಶಾಸ್ತ್ರೀಯ ತಾಲೀಮು ಇಲ್ಲದ ಕಂಠಕ್ಕೆ ಅದು ಸಾಧ್ಯವಿಲ್ಲ; ಶಾಸ್ತ್ರೀಯದ ಬಿಗುಮಾನವಿದ್ದ ಕಂಠಕ್ಕೂ ಸಾಧ್ಯವಿಲ್ಲ.

ಮರಾಠಿ ಕವಿತೆ ಆಗ ಹಳ್ಳಿಯ ಓಣಿಗೆ ಇಳಿದಿತ್ತು. ಪುಣೆಯಲ್ಲಿ 1923ರಲ್ಲಿ ಕೂಡಿದ ರವಿಕಿರಣ ಮಂಡಳದ ಕವಿಗಳು ಜನರ ಮುಂದೆ ನಿಂತು ಹಾಡಿಯೇ ಕವಿತೆ ಓದುತ್ತಿದ್ದರು. ‘ಜಾನಪದ ಗೀತ’ ಎಂಬ ಒಂದು ಬಗೆಯೇ ಹುಟ್ಟಿತ್ತು. ಇತ್ತ ಧಾರವಾಡದಲ್ಲಿ, ಪುಣೆಯಲ್ಲೇ ಕಾಲೇಜು ಓದಿ ಬಂದ ಬೇಂದ್ರೆಯವರು ಬೀಸುವ ಪದದ ತ್ರಿಪದಿಯನ್ನೂ ಲಾವಣಿಯ ಗತ್ತನ್ನೂ ಹೊಸ ಕವಿತೆಗೆ ಕಸಿ ಮಾಡುತ್ತಿದ್ದರು. ಅವರ ‘ಗರಿ’ ಬಂದದ್ದು 1932ರಲ್ಲಿ. ಮುಂದೆ ನಮ್ಮಲ್ಲಿ ಕಾಳಿಂಗರಾಯರು ಕವಿಗಳ ಹಾಡನ್ನೂ ಜನಪದರ ಹಾಡನ್ನೂ ಒಂದೇ ವೇದಿಕೆಯಲ್ಲಿ ಒಂದೇ ಮರ್ಯಾದೆಯಿಂದ ಹಾಡಿ ತೋರಿಸಿದರು. ಆದರೆ ಅದಕ್ಕೂ ಮೊದಲೇ ಧಾರವಾಡದ ಹೆಣ್ಣುಮಗಳೊಬ್ಬಳು ಮುಂಬಯಿಯ ಮೈಕಿನ ಮುಂದೆ ನಿಂತು, ನೆರೆಯ ಭಾಷೆಯಲ್ಲಿ, ಇದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದಳು. ಆ ಹಾಡುಗಳು ಕನ್ನಡದಲ್ಲಿ ಇರಬಾರದಿತ್ತೇ ಎಂದು ಹೊಟ್ಟೆಕಿಚ್ಚುಪಡುವುದು ಮುಂಬಯಿ ಕನ್ನಡಿಗರಾದ ನಮಗೆ ಅಭ್ಯಾಸವಾಗಿಹೋಗಿದೆ.

ಯುರೋಪಿನವರು ಸ್ತ್ರೀಕಂಠದ ಅತ್ಯಂತ ಎತ್ತರದ ಬಗೆಯನ್ನು ಸೊಪ್ರಾನೊ ಎನ್ನುತ್ತಾರೆ. ಇದೇ ಮುಂಬಯಿಯಲ್ಲಿ 1960ರಲ್ಲಿ ಹುಟ್ಟಿದ ಪೆಟ್ರಿಶಿಯಾ ರೊಝಾರಿಯೊ ಲಂಡನ್ನಿಗೆ ಹೋಗಿ ಅಂಥ ಗಾಯಕಿಯಾದರು. ಜಾನ್ ಟ್ಯಾವೆನರ್ ಎಂಬ ಸಂಗೀತಕಾರ ಅವರ ಕಂಠಕ್ಕೆಂದೇ ಹಲವು ಕೃತಿಗಳನ್ನು ರಚಿಸಿದರು. ಅವರ ಮುದ್ರಿಕೆಯೊಂದನ್ನು ಕೇಳಿದ ರಾತ್ರಿಯೇ ನಮಗೆ ಗಾಂಧಾರಿಯ ತಟ್ಟೆ ನೆನಪಾದದ್ದು. ನಮ್ಮ ಸಂಗೀತದಲ್ಲಿ ಕಂಠಗಳನ್ನು ಹಾಗೆ ವಿಂಗಡಿಸುವ ರೂಢಿಯಿಲ್ಲ, ಹೋಲಿಕೆಯನ್ನು ಎಳೆದಾಡಬಾರದು. ಆದರೂ ಕಾಲದ ಒಂದು ಕಾಕತಾಳೀಯವನ್ನು ಹೇಳದಿರಲಾರೆವು. ಫ್ರಾನ್ಸಿನ ಓವರ್ನ್ಯ ಎಂಬ ಗುಡ್ಡಗಾಡಿನ ಕುರುಬರ ಪದಗಳನ್ನು ಜೋಸೆಫ್ ಕಾಂತಲೂಬ್ ಎಂಬಾತ ವಾದ್ಯವೃಂದಕ್ಕೆ ಅಳವಡಿಸಿದ್ದ. ಅವನ್ನು ಮಾದಲೇನ್ ಗ್ರೇ ಎಂಬ ಸೊಪ್ರಾನೊ ಆ ಸೀಮೆಯ ಆಡುನುಡಿಯಲ್ಲೇ ಹಾಡಿ ತಟ್ಟೆಗೆ ಕೊಟ್ಟದ್ದು 1930ರಲ್ಲಿ, ಹೆಚ್ಚುಕಡಿಮೆ ಗಾಂಧಾರಿಯ ಕಾಲ. ಒಬ್ಬಳ ಹಿಂದೆ ಇಡೀ ವಾದ್ಯವೃಂದ, ಇನ್ನೊಬ್ಬಳ ಹಿಂದೆ ಹಾರ್ಮೋನಿಯಂ, ತಬಲ. ಓದಿದವರ ಹಾಡನ್ನೂ ಓದದವರ ಹಾಡನ್ನೂ ಒಂದೇ ಕೊರಳಿನಲ್ಲಿ ಕೂಡಿಸಲು ಹೊರಟ ಇಬ್ಬರು ಹೆಂಗಸರಿಗೂ ಸಿಕ್ಕಿದ್ದು ಅದೇ ಮೂರು-ನಾಲ್ಕು ನಿಮಿಷ. ಮಾದಲೇನ್ ಗ್ರೇಯ ಆ ತಟ್ಟೆಯನ್ನು ಇಂದಿಗೂ ಸೊಪ್ರಾನೊಗಳು ಕೇಳಿ ಕಲಿಯುತ್ತಾರೆ. ಗಾಂಧಾರಿಯದು ಸಂಗ್ರಾಹಕರ ಕಪಾಟಿನಲ್ಲಿದೆ.

ಕಪಾಟು ಸೇರಲು ಕಾರಣ, ಆ ದನಿಯೇ ಮುಂದೆ ಉಳಿಯಲಿಲ್ಲ. ಗಂಟಲಿನ ಟಾನ್ಸಿಲ್ ತೊಂದರೆ ಮತ್ತು ಅದರ ಚಿಕಿತ್ಸೆಯ ನಂತರ ಕಂಠ ಇಳಿಯಿತು, ಒರಟಾಯಿತು, ಗಂಡಸಿನಂತಾಯಿತು. ಈ ಸಂಗತಿಯನ್ನು ಬರೆದವರೆಲ್ಲ ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಬರೆದಿದ್ದಾರೆ: ಶಾಪವೇ ವರವಾಯಿತು, ಕೋಗಿಲೆ ಹೋಗಿ ಸಿಂಹಿಣಿ ಬಂದಳು, ಕಿರಾಣಾ ಘರಾಣೆಗೆ ಒಂದು ಅಪೂರ್ವ ಕಂಠ ದೊರೆಯಿತು. ಸುಳ್ಳಲ್ಲ. ಆದರೆ ಎಷ್ಟು ಬೇಗ ನಾವು ಈ ಮಾತಿಗೆ ಬಂದುಬಿಡುತ್ತೇವೆ! ಬೆಳಗಾಗ ಎದ್ದು ತಂಬೂರಿ ಶ್ರುತಿ ಮಾಡಿ ಬಾಯಿ ತೆರೆದರೆ ನಿನ್ನೆಯ ದನಿ ಅಲ್ಲಿಲ್ಲ. ಹಾಡಿಯೇ ಮನೆ ನಡೆಸಬೇಕಾದ, ಮಕ್ಕಳ ತಾಯಿಯೊಬ್ಬಳಿಗೆ ಆ ಮುಂಜಾನೆ ಹೇಗಿತ್ತು? ವರ ಎನ್ನುವುದು ಅರವತ್ತು ವರ್ಷದ ನಂತರ ಸನ್ಮಾನದ ವೇದಿಕೆಯಲ್ಲಿ ಕುಳಿತವರ ಮಾತು. ನಾವೂ ಹೀಗೇ ಬರೆಯುತ್ತಿದ್ದೆವೋ ಏನೋ. ಈ ವರ್ಷ ನಮ್ಮ ಮನೆಯಲ್ಲೇ ಅಂಥದೊಂದು ಮುಂಜಾನೆ ಆಗದೇ ಹೋಗಿದ್ದರೆ.

ಅವ್ವನ ಕೊರಳಿನಲ್ಲಿ ಗಂಟು ಕಾಣಿಸಿದ್ದು ಹೋದ ದೀಪಾವಳಿಗೆ. ಥೈರಾಯ್ಡ್ ಎಂದರು. ಮುಂಬಯಿಗೆ ಕರೆತಂದು ಏಪ್ರಿಲಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ದನಿಯ ನರ ಆ ಗ್ರಂಥಿಯ ಬೆನ್ನಿಗೇ ಇರುತ್ತದೆ, ಸ್ವಲ್ಪ ವ್ಯತ್ಯಾಸವಾದೀತು ಎಂದು ವೈದ್ಯರು ಮೊದಲೇ ತಿಳಿಸಿದ್ದರು. ನಾವು ಸಹಿ ಹಾಕಿದ್ದೆವು. ಗಂಟು ಕೆಟ್ಟದ್ದಲ್ಲವೆಂದು ವರದಿ ಬಂದ ದಿನ ಮನೆಯಲ್ಲಿ ಹೋಳಿಗೆಯ ಊಟ. ಅವ್ವನ ದನಿ ದಪ್ಪಗಾಗಿದ್ದುದು ಆ ಸಂತೋಷದಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ಮಾತು ಬರುತ್ತದೆ, ಇನ್ನೇನು ಬೇಕು? ಜೂನ್ ತಿಂಗಳಲ್ಲಿ ಮಗಳು ಒಂದು ದಿನ, “ಅಜ್ಜಿ ಈಗ ಅಡಿಗೆಮನೆಯಲ್ಲಿ ಹಾಡುವುದೇ ಇಲ್ಲ” ಎಂದಾಗ ನಮಗೆ ಹೊಳೆಯಿತು. ಬೀಸುವ ಪದ, ಸೋಬಾನೆ ಪದ, ಕುಬಸದ ಪದ. ಬೀಸುವ ಕಲ್ಲು ಹೋಗಿ ನಲವತ್ತು ವರ್ಷವಾದರೂ ಮಿಕ್ಸರಿನ ಸದ್ದಿನ ಮೇಲೆ ತನ್ನ ಸಣ್ಣ ಎತ್ತರದ ದನಿಯಲ್ಲಿ ಪದ ಎಳೆಯುತ್ತಿದ್ದವಳು. ಕೇಳಿದರೆ, “ಮ್ಯಾಲ ಹೋಗೂದಿಲ್ಲೋ, ಒಡೀತೈತಿ” ಎಂದಳು. ಆಮೇಲೆ ಆ ಮಾತು ತೆಗೆಯಲು ನಮಗೆ ಧೈರ್ಯವಾಗಲಿಲ್ಲ.

ಓದುವ ಚಟದವರಿಗೆ ದುಃಖವಾದರೂ ಪುಸ್ತಕವೇ ಆಸರೆ. ಅಮೆಲಿಟಾ ಗಲ್ಲಿ-ಕುರ್ಚಿ ಎಂಬ ಇಟಲಿಯ ಸೊಪ್ರಾನೊ ಅಮೆರಿಕವನ್ನೇ ಗೆದ್ದವಳು. 1935ರಲ್ಲಿ ಶಿಕಾಗೊದಲ್ಲಿ ಅವಳಿಗೂ ಇದೇ ಗ್ರಂಥಿಯ ಶಸ್ತ್ರಚಿಕಿತ್ಸೆ ಆಯಿತು. ಮೇಲಿನ ಸ್ವರಗಳು ಮತ್ತೆ ಬರಲಿಲ್ಲವೆಂದು ಲೋಕ ನಂಬಿತು. ದನಿಯನ್ನು ಬಿಗಿಗೊಳಿಸಿ ಮೇಲೇರಿಸುವ ಆ ಸಣ್ಣ ನರಕ್ಕೆ ವೈದ್ಯರು ಅವಳ ಹೆಸರನ್ನೇ ಇಟ್ಟು ಕರೆದರು, ಕೈ ತಪ್ಪದಿರಲೆಂದು ವಿದ್ಯಾರ್ಥಿಗಳಿಗೆ ಅವಳ ಕತೆ ಹೇಳಿದರು. ಆಕೆಯ ಕಂಠ ಅದಕ್ಕೆ ಮೊದಲೇ ಇಳಿಯತೊಡಗಿತ್ತು, ಕತ್ತಿಯ ತಪ್ಪಲ್ಲ ಎಂದು ಈಚಿನ ವೈದ್ಯರು ವಾದಿಸಿದ್ದಾರೆ. ಅದೇನೇ ಇರಲಿ, ಆಕೆಯ ಕತೆಯಲ್ಲಿ ಸಿಂಹಿಣಿ ಬರಲಿಲ್ಲ. ಮರುವರ್ಷ ಶಿಕಾಗೊದ ರಂಗದ ಮೇಲೆ ಮತ್ತೊಮ್ಮೆ ಹಾಡಿ ನೋಡಿದಳು. ಬಳಿಕ ಹಿಂದೆ ಸರಿದಳು.

ಗಂಗೂಬಾಯಿಯವರು ಹಿಂದೆ ಸರಿಯಲಿಲ್ಲ ಎಂಬುದರಲ್ಲಿ ಅವರ ಗುರುವಿನ ಪಾಲೂ ಇದೆ. ಆ ಮೊದಲ ತಟ್ಟೆಗಳ ಕಾಲಕ್ಕೆ ಅವರಿಗೆ ಆಗಿದ್ದ ಪಾಠ ಸ್ವಲ್ಪವೇ. 1930ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಮುಂದೆ ನಿಜವಾದ ತಾಲೀಮು ನಡೆಯಿತು. ಒಂದೇ ಸ್ವರಗುಚ್ಛವನ್ನು ದಿನಗಟ್ಟಲೆ ತಿದ್ದಿಸುತ್ತಿದ್ದ ಗುರು. ರಾಮಭಾವು ಕುಂದಗೋಳಕರ ಎಂಬ ಆ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸೀರೆಯುಟ್ಟು ಸ್ತ್ರೀಪಾತ್ರ ಮಾಡಿ ಮೆರೆದವರು. ಹೆಣ್ಣಾಗಿ ಹಾಡಿದ ಗಂಡು ಗುರು, ಗಂಡಸಿನ ದನಿ ಬಂದ ಹೆಣ್ಣು ಶಿಷ್ಯೆ. ಸ್ವರ ಸರಿಯಾದ ಜಾಗದಲ್ಲಿ ನಿಂತರೆ ಸಾಕು, ಅದು ಯಾರ ಗಂಟಲು ಎಂಬುದನ್ನು ರಾಗ ಕೇಳುವುದಿಲ್ಲ ಎಂಬುದು ಆ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕಾದ ಪಾಠವೇ ಆಗಿರಲಿಲ್ಲವೇನೋ.

ಆದರೆ ಭಾವಗೀತೆ ಕೇಳುತ್ತದೆ. ಎಳೆಚಂದ್ರನ ಹಾಡಿಗೆ, ಪ್ರಿಯನಿಗೆ ಮಾರ್ನುಡಿಯುವ ಸಾಲಿಗೆ, ಆ ತೆಳು ದನಿಯೇ ಬೇಕು. ಮುಂದೆ ಗಂಗೂಬಾಯಿಯವರು ಠುಮ್ರಿ, ಭಾವಗೀತೆಗಳನ್ನು ಬಿಟ್ಟೇಬಿಟ್ಟರು. ಕೇಳಿದವರಿಗೆ ತಾವು ರಾಗ ಮಾತ್ರ ಹಾಡುವವರು ಎಂದರು. ಇದಕ್ಕೆ ಕಂಠವೊಂದೇ ಕಾರಣವೆಂದು ನಮಗೆ ಅನ್ನಿಸುವುದಿಲ್ಲ. ಅವರ ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕಿ ಗಾಯಕಿ; ಹಾಡುವ ಹೆಂಗಸರ ಮನೆತನ. ಓಣಿಯ ಮೇಲುಜಾತಿಯವರು ಅಂಥ ಮನೆಯ ಹುಡುಗಿಯನ್ನು ಹೇಗೆ ನೋಡುತ್ತಿದ್ದರೆಂಬುದನ್ನು ಅವರು ತಮ್ಮ ‘ನನ್ನ ಬದುಕಿನ ಹಾಡು’ವಿನಲ್ಲಿ ಮುಚ್ಚಿಟ್ಟಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಮುಂದೆ ಸ್ವಾಗತಗೀತೆ ಹಾಡಿದ ಹನ್ನೊಂದರ ಹುಡುಗಿಗೆ, ಹಾಡಿನ ನಂತರ ಊಟದ ಎಲೆ ತೆಗೆಯಲು ಹೇಳುತ್ತಾರೇನೋ ಎಂಬ ಅಂಜಿಕೆಯಿತ್ತು. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯಂಥವರು ಕೊನೆಗೂ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ನೊಂದು ಆಡಿದವರು ಅವರು. ಲಘು ಹಾಡು ಹಾಡುವ ಹೆಂಗಸಿಗೆ ಕೈಚಪ್ಪಾಳೆಯಿತ್ತು, ಖ್ಯಾಲು ಹಾಡುವ ಹೆಂಗಸಿಗೆ ಮಾತ್ರ ಗೌರವದ ಆಸೆಯಿತ್ತು. ಹಾಗಾಗಿ ಎಳೆಚಂದ್ರನ ಹಾಡು ಹೋದದ್ದು ಅರ್ಧ ಗಂಟಲಿನಿಂದ, ಇನ್ನರ್ಧ ಸಮಾಜದಿಂದ ಎಂಬುದು ನಮ್ಮ ಊಹೆ. ಊಹೆ ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಆ ಮನೆಯಲ್ಲಿ ದನಿಗಳು ಹೀಗೆ ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತಲೇ ಬಂದವು. ಮಗಳು ಕಲಿಯುವ ಹಿಂದೂಸ್ತಾನಿಗೆ ಕರ್ನಾಟಕಿಯ ಛಾಯೆ ಬೀಳಬಾರದೆಂದು ಅಂಬಾಬಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು, 1932ರಲ್ಲಿ ತೀರಿಕೊಂಡರು. ಅತ್ತ ಕೊನೆಯಲ್ಲಿ ಗಂಗೂಬಾಯಿಯವರ ಮಗಳು ಕೃಷ್ಣಾ. ದಶಕಗಟ್ಟಲೆ ತಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತು, ತಾಯಿ ಕೆಳಗೆ ನಿಲ್ಲಿಸಿದ ಸ್ವರವನ್ನು ಎತ್ತಿಕೊಂಡು ಮೇಲೆ ಒಯ್ಯುತ್ತಿದ್ದರು. ಅವರಿಬ್ಬರ ಮುದ್ರಿಕೆಗಳನ್ನು ಈಗ ಕೇಳುವಾಗ ಆ ಮೇಲಿನ ದನಿಯಲ್ಲಿ ನಮಗೆ ಗಾಂಧಾರಿ ಕೇಳಿಸುತ್ತಾಳೆ. ಕೃಷ್ಣಾ 2004ರಲ್ಲಿ, ತಾಯಿಗಿಂತ ಐದು ವರ್ಷ ಮೊದಲೇ ಹೋದರು.

ಆ ಮಳೆಯ ಮಧ್ಯಾಹ್ನ ಇಷ್ಟೆಲ್ಲ ನಾವು ಅವ್ವನಿಗೆ ಹೇಳಲಿಲ್ಲ. ಟಾನ್ಸಿಲ್ಲಿನ ಸಂಗತಿಯಷ್ಟನ್ನು ಹೇಳಿದೆವು. ಹೇಳುವಾಗಲೇ ಯಾಕಾದರೂ ಹೇಳಿದೆವೋ ಎನ್ನಿಸಿತು. ಅವ್ವ ಸುಮ್ಮನೆ ಕೊತ್ತಂಬರಿ ಸೋಸುತ್ತಿದ್ದಳು. ಆಮೇಲೆ, “ಆಕಿಗೆ ಅಳು ಬಂದಿರಬೇಕಲ್ಲ” ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ. ಮತ್ತೊಮ್ಮೆ ಹಚ್ಚು ಎಂದಳು. ಹಚ್ಚಿದೆವು. ಮೂರು ನಿಮಿಷ. ಮತ್ತೊಮ್ಮೆ ಎಂದಳು.

ಆಗಸ್ಟಿನಲ್ಲಿ ಅವ್ವನನ್ನು ಊರಿಗೆ ಬಿಟ್ಟುಬರಲು ದಾದರಿನಿಂದ ಹುಬ್ಬಳ್ಳಿ ರೈಲು ಹತ್ತಿದೆವು. ಬೆಳಗಾವಿ ದಾಟಿ ಲೋಂಡಾದ ಕಾಡು ಶುರುವಾದಾಗ ನಸುಕು. ಕೆಳಗಿನ ಬರ್ತಿನ ಕಡೆಯಿಂದ ಯಾರೋ ಗಂಡಸು ಮೆಲ್ಲಗೆ ಗುನುಗುತ್ತಿರುವುದು ಕೇಳಿ ಎಚ್ಚರವಾಯಿತು. ದಪ್ಪನೆಯ, ನೆಲಕ್ಕೆ ಹತ್ತಿದ ದನಿ. ಎದುರಿನ ಮುದುಕರಿರಬೇಕು, ಭಜನೆಯ ಅಭ್ಯಾಸದವರು ಎಂದುಕೊಂಡು ಮಗ್ಗುಲಾದೆವು. ಎರಡನೆಯ ಸಾಲಿಗೆ ಪದ ತಿಳಿಯಿತು: ಅದು ಬೀಸುವ ಪದ. ಮುದುಕರು ಗೊರಕೆ ಹೊಡೆಯುತ್ತಿದ್ದರು.

ನಾವು ಅಲುಗಾಡದೆ ಮಲಗಿದ್ದೆವು. ಮೂರನೆಯ ಸಾಲು ಎಲ್ಲಿ ಮೇಲೇರಬೇಕೋ ಅಲ್ಲಿ ಏರಲಿಲ್ಲ. ಅವ್ವ ಅದನ್ನು ಹಾಗೇ ಕೆಳಗೇ ಹೊರಳಿಸಿಕೊಂಡಳು, ಒಮ್ಮೆ ಕೆಮ್ಮಿದಳು, ಮೊದಲಿನಿಂದ ಶುರುಮಾಡಿದಳು. ಅಳ್ನಾವರದಲ್ಲಿ ರೈಲು ನಿಂತಾಗ ನಿಲ್ಲಿಸಿ, “ತಮ್ಮಾ, ಚಾ ಬಂತೇನು ನೋಡು” ಎಂದಳು.